ಹೇನು ನೋಡುವ ಅಮ್ಮ

ಗೋಡೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಮಲಗಿಸಿದ್ದ ಚಿತ್ರದ ಮೇಲೆ ಗಗನಾ ನೀಲಿ ಬೆಳಕಿನ ಟಾರ್ಚು ಆಡಿಸಿದಳು. ಒಂದು ಮೂಲೆ ನೋಡಿದಳು. ಇನ್ನೊಂದು ಮೂಲೆ ನೋಡಿದಳು. ಬಗ್ಗಿ, ಅಂಚನ್ನು ಮೂಸಿದಳು. ಆಮೇಲೆ ಟಾರ್ಚು ಆರಿಸಿದಳು.

"ಇದು ನಕಲು."

"ಏನಂದ್ರಿ?" — ಟ್ರಸ್ಟಿನ ಕಾರ್ಯದರ್ಶಿ ಮಹಾಲಿಂಗಯ್ಯನವರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮುನ್ನೂರು ವರ್ಷ ಹಳೆಯ ಡಚ್ ಚಿತ್ರ, ಬಂದು ಬೆಲೆ ಕಟ್ಟಿ ಅಂತ ಬೆಂಗಳೂರಿಂದ ಕರೆಸಿದ್ರಿ. ಇದರ ಬಣ್ಣದ ವಾಸನೆ ಕೂಡ ಇನ್ನೂ ಹೋಗಿಲ್ಲ ಸಾರ್. ಚೌಕಟ್ಟು ಹಳೇದು. ಒಳಗಿರೋದು ಹೊಚ್ಚ ಹೊಸದು."

"ಹಾಗಾದ್ರೆ ಅಸಲಿ ಎಲ್ಲಿ?"

"ಅದನ್ನ ನೀವು ಹೇಳಬೇಕು." ಗಗನಾ ಮತ್ತೊಮ್ಮೆ ಬಗ್ಗಿದಳು. "ಬರೆದವನು ತೀರಾ ದಡ್ಡನಲ್ಲ. ಮುಖ ಸುಮಾರು, ಬೆಕ್ಕು ಸುಮಾರು. ಕೈಗಳು ಮಾತ್ರ ಬಹಳ ಚೆನ್ನಾಗಿವೆ. ಜೀವ ಇದೆ."

ಕೈ ಚೆನ್ನಾಗಿದ್ದರೇನು, ಕಾಲು ಚೆನ್ನಾಗಿದ್ದರೇನು? ಮಹಾಲಿಂಗಯ್ಯನವರು ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು — "ರಂಗಕ್ಕಾ! ಬಾರಮ್ಮ ಇಲ್ಲಿ!"

ಮಧುಗಿರಿ ಬೆಟ್ಟದ ಬುಡದಲ್ಲಿರುವ ಈ ಹೆಣ್ಣುಮಕ್ಕಳ ಹಾಸ್ಟೆಲನ್ನು ಕಟ್ಟಿಸಿದವರು ಹಾಲೆಂಡಿನಿಂದ ಬಂದ ಮಾರ್ಗ್ರೀಟ್ ಎಂಬ ನರ್ಸು. ನಮ್ಮ ಜನರ ಬಾಯಲ್ಲಿ ಅವರು ಮಾರ್ಗೀತಮ್ಮ ಆದರು, ಹಾಗೇ ಉಳಿದುಬಿಟ್ಟರು. ಪಾವಗಡ, ಶಿರಾ ಕಡೆಯ ಹಳ್ಳಿಗಳಿಂದ, ಹಟ್ಟಿಗಳಿಂದ, ಓದಿಸುವವರಿಲ್ಲದ ಹುಡುಗಿಯರನ್ನು ಹುಡುಕಿ ತಂದು ಸಾಕಿದ ಪುಣ್ಯಾತ್ಗಿತ್ತಿ. ಅವರ ಪೆಟ್ಟಿಗೆಯಲ್ಲಿ ಬಂದದ್ದು ಈ ಚಿತ್ರ. ಅದರಲ್ಲಿ ಏನಿತ್ತು ಅಂತೀರಿ? ರಾಜನಿಲ್ಲ, ರಾಣಿಯಿಲ್ಲ, ದೇವರೂ ಇಲ್ಲ. ಕಿಟಕಿಯ ಬೆಳಕಿನಲ್ಲಿ ಬಿಳಿ ಟೋಪಿಯ ಹೆಂಗಸೊಬ್ಬಳು ಕುಳಿತಿದ್ದಾಳೆ. ಅವಳಿಗೆ ಬೆನ್ನು ಹಾಕಿ ನೆಲದ ಮೇಲೆ ಒಂದು ಹುಡುಗಿ. ಹೆಂಗಸು ಆ ಹುಡುಗಿಯ ತಲೆಯಲ್ಲಿ ಹೇನು ನೋಡುತ್ತಿದ್ದಾಳೆ. ಪಕ್ಕದಲ್ಲೊಂದು ಬೆಕ್ಕು, ಗೋಡೆಯ ಮೇಲೊಂದು ತಾಮ್ರದ ಪಾತ್ರೆ. ಅಷ್ಟೇ. ಹಾಸ್ಟೆಲಿನ ಹುಡುಗಿಯರು ಅದನ್ನು 'ಹೇನು ನೋಡೋ ಅಮ್ಮ' ಅನ್ನುತ್ತಿದ್ದರು. ಭಾನುವಾರ ಅದರ ಕೆಳಗೇ ಸಾಲಾಗಿ ಕುಳಿತು ತಲೆ ಕೊಡುತ್ತಿದ್ದರು.

ಮಾರ್ಗೀತಮ್ಮ ವಯಸ್ಸಾದ ಮೇಲೆ ತಮ್ಮ ದೇಶಕ್ಕೆ ಹೋದರು, ಹೋದ ವರ್ಷ ತೀರಿಕೊಂಡರು. ಚಿತ್ರವನ್ನು ಮಾರಿ ಹಾಸ್ಟೆಲು ನಡೆಸಿ ಅಂತ ಹೇಳಿ ಹೋಗಿದ್ದರು. ಅದಕ್ಕೇ ಈ ಗಗನಾ ಬಂದದ್ದು. ಆಮೇಲೆ ನಡೆದದ್ದು ನೋಡಿದಿರಲ್ಲ.

ಮರುದಿನ ಬೆಳಿಗ್ಗೆ ಜೀಪಿನಿಂದ ಇಳಿದವಳು ಮಧುಗಿರಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ವನಜಾಕ್ಷಿ. ಬರಗೂರಿನ ಹುಡುಗಿ. ತಾಯಿ ಸತ್ತ ಮೇಲೆ, ಮೂಗು ಸುರಿಸಿಕೊಂಡು ಇದೇ ಹಾಸ್ಟೆಲಿನ ಗೇಟಿನಲ್ಲಿ ನಿಂತು ಅತ್ತವಳು. ಇಲ್ಲಿಯ ಮುದ್ದೆ ತಿಂದು, ಇಲ್ಲಿಯ ಚಾಪೆಯ ಮೇಲೆ ಮಲಗಿ, ಈಗ ಹೆಗಲ ಮೇಲೆ ನಕ್ಷತ್ರ ಹಾಕಿಕೊಂಡಿದ್ದಾಳೆ. ಅವಳಿಗೆ ತಾಯಿ ಅಂತ ಇದ್ದರೆ ಇಬ್ಬರು — ಅಡುಗೆಯ ರಂಗಕ್ಕ ಒಬ್ಬಳು, ವಾರ್ಡನ್ ಲಾವಣ್ಯಕ್ಕ ಇನ್ನೊಬ್ಬಳು.

"ಸೋಮವಾರ ಟ್ರಸ್ಟಿನ ಸಭೆ," ಎಂದರು ಮಹಾಲಿಂಗಯ್ಯ. "ಅಷ್ಟರೊಳಗೆ ಕಳ್ಳಿ ಒಳಗಿರಬೇಕು. ನಿಮ್ಮ ಮೇಲಿನವರ ಹತ್ತಿರವೂ ಮಾತಾಡಿದ್ದೇನೆ."

"ಕಳ್ಳಿ ಅಂತ ತೀರ್ಮಾನ ಮಾಡಿಬಿಟ್ರಾ?"

"ಮತ್ತೇನಮ್ಮ? ಬೇಸಿಗೆ ರಜದಲ್ಲಿ ಹಾಲಿಗೆ ಸುಣ್ಣ ಹೊಡೆಸಿದೆವು. ಚಿತ್ರ ಇಳಿಸಿ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೆವು. ಬೀಗದ ಕೈ ಇದ್ದದ್ದು ರಂಗಕ್ಕನ ಹತ್ತಿರ. ಶಾಲೆ ಶುರುವಾಗುವ ಮೊದಲು ಅವಳೇ ತಂದು ಕೊಟ್ಟಳು, ಗೋಡೆಗೆ ಹಾಕಿದೆವು. ಅದು ಬದಲಾದದ್ದು ಅಲ್ಲೇ, ಇನ್ನೆಲ್ಲಿ?"

"ಆಗ ನೀವೆಲ್ಲಿದ್ರಿ?"

"ನಾನಾ?" ಮಹಾಲಿಂಗಯ್ಯ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ಮಗಳ ಬಾಣಂತನ. ತುಮಕೂರಿನಲ್ಲಿದ್ದೆ. ಚಿತ್ರ ಸ್ಟೋರ್ ರೂಮಿನಲ್ಲಿದ್ದಷ್ಟು ದಿನವೂ. ಬೇಕಾದರೆ ಆಸ್ಪತ್ರೆಯಲ್ಲಿ ಕೇಳಿ."

ಕೇಳಿಸಿದಳು. ನಿಜವೇ ಆಗಿತ್ತು. ಅಯ್ಯೋ, ಎಂಥ ನಿರಾಸೆ! ಹಾಸ್ಟೆಲಿನ ಅಕ್ಕಿಗೂ ಬೇಳೆಗೂ ಕೈ ಬಿಗಿ ಹಿಡಿದವರು, ಈ ಜಾಗದ ಮೇಲೆ ಎಂದಿನಿಂದಲೋ ಕಣ್ಣಿಟ್ಟವರು ಅವರೇ. ಕಳ್ಳ ಅವರೇ ಆಗಿದ್ದರೆ ವನಜಾಕ್ಷಿ ಅವತ್ತು ಖುಷಿಯಾಗಿ ಊಟ ಮಾಡುತ್ತಿದ್ದಳು.

ಅಡುಗೆಮನೆಯಲ್ಲಿ ರಂಗಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ರಂಗಕ್ಕ, ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಸೊಂಟದಾಗೇ ಕಣವ್ವ. ಯಾವತ್ತೂ ಅಲ್ಲೇ."

"ಬೇರೆ ಯಾರಿಗಾದ್ರೂ ಕೊಟ್ಟಿದ್ಯಾ?"

"ಇಲ್ಲ."

"ಯಾರಾದ್ರೂ ಸ್ಟೋರ್ ರೂಮಿಗೆ ಬಂದಿದ್ರಾ?"

"ನಂಗೆ ಗ್ಯಾನ ಇಲ್ಲ."

"ಹಂಗಂದ್ರೆ ಚಿತ್ರ ಬದಲಾಯಿಸಿದ್ದು ನೀನೇ ಅಂತಾಗ್ತದೆ. ಗೊತ್ತಾಗ್ತಿದೆಯಾ?"

"ಆಗ್ಲಿ ಬುಡು."

"ಆಗ್ಲಿ ಬುಡು ಅಂದ್ರೇನು? ಜೈಲು ರಂಗಕ್ಕ, ಜೈಲು!"

"ಅಲ್ಲೂ ಜನ ಉಣ್ತಾರಲ್ಲ. ಅಲ್ಲೂ ಮುದ್ದೆ ತಿರುವ್ತೀನಿ." ಒಂದು ಹಿಡಿ ಕಾಳು ಮೊರಕ್ಕೆ ಸುರಿದಳು. "ನೀನೇನು ಇಂಗೆ ಒಣಗಿದ್ದೀಯ? ಹೊತ್ತಿಗ್ ಸರಿಯಾಗಿ ಉಣ್ತೀಯೋ ಇಲ್ವೋ?"

ವನಜಾಕ್ಷಿಗೆ ರೇಗಿತು. ಅರವತ್ತು ದಾಟಿದ ಜೀವ, ತಾವರೆಕೆರೆಯಲ್ಲಿ ಒಂದು ಹೆಂಚಿನ ಮನೆ ಬಿಟ್ಟರೆ ಏನೂ ಇಲ್ಲ, ಮೈಮೇಲೆ ಕಳ್ಳತನ ಬಿದ್ದಿದೆ — ಇವಳು ನೋಡಿದರೆ ಊಟ ವಿಚಾರಿಸುತ್ತಾಳೆ! ಬೈದರೂ ಬಾಯಿ ಬಿಡಲಿಲ್ಲ. ಅಂಗಲಾಚಿದರೂ ಬಿಡಲಿಲ್ಲ. ಹೊರಗೆ ಬಂದಾಗ ಹೆಡ್ ಕಾನ್‌ಸ್ಟೇಬಲ್ ಚಿಕ್ಕನರಸಯ್ಯ ಮೆಲ್ಲಗೆ ಹೇಳಿದ — "ತಪ್ಪು ಮಾಡದವರು ಇಷ್ಟು ಸುಮ್ನೆ ಇರಲ್ಲ ಮೇಡಂ. ಎದೆ ಬಡ್ಕೊಂಡು ಅಳ್ತಾರೆ."

ಅವನು ಹೇಳಿದ್ದು ಸುಳ್ಳೂ ಅಲ್ಲ.

ವಾರ್ಡನ್ ಕೋಣೆಯಲ್ಲಿ ಲಾವಣ್ಯ ಕಾಫಿ ಸೋಸುತ್ತಿದ್ದಳು. ಪಾವಗಡದ ಆಚೆ ಬಲಸಮುದ್ರದವಳು. ಆರು ವರ್ಷದ ಮಗುವಾಗಿ ಇಲ್ಲಿಗೆ ಬಂದು, ಓದಿ, ಇಲ್ಲೇ ವಾರ್ಡನ್ ಆಗಿ, ಇಲ್ಲೇ ತಲೆ ನೆರೆಸಿಕೊಂಡವಳು. ಮದುವೆಯಿಲ್ಲ, ಮನೆಯಿಲ್ಲ. ಬಲಗೈಯಲ್ಲಿದ್ದ ಲೋಟವನ್ನು ವನಜಾಕ್ಷಿಗೆ ಚಾಚಿ, ಎಡಗೈಯಿಂದ ಅವಳ ಕಿವಿಯ ಹಿಂದಿನ ಕೂದಲು ಬಿಡಿಸಿ ನೋಡಿ ನಕ್ಕಳು.

"ಪೊಲೀಸಮ್ಮನ ತಲೇಲಿ ಇನ್ನೂ ಹೇನಿದಾವೇನೇ?"

ವನಜಾಕ್ಷಿಗೆ ಅಳು ಬಂದ ಹಾಗಾಯಿತು. ಈ ಹೆಂಗಸಿನ ಮುಂದೆ ಅವಳು ಎಂದೂ ಪೊಲೀಸ್ ಆಗಿರಲಿಲ್ಲ.

"ಲಾವಣ್ಯಕ್ಕ, ರಂಗಕ್ಕ ಯಾಕೆ ಬಾಯಿ ಬಿಡ್ತಿಲ್ಲ?"

"ನಾನೂ ಕೇಳ್ದೆ ಕಣೆ. ಮಾತೇ ಇಲ್ಲ."

"ಅವಳು ಕದ್ದಿದಾಳೆ ಅಂತ ನಿನಗೆ ಅನಿಸ್ತದಾ?"

ಲಾವಣ್ಯ ಕಿಟಕಿಯ ಹೊರಗೆ ನೋಡಿದಳು. "ಕದಿಯೋಳಲ್ಲ. ಆದ್ರೆ... ಅವಳಿಗೂ ವಯಸ್ಸಾಯ್ತು. ಯಾರೋ ಬಂದು ಏನೋ ಹೇಳಿ ಪುಸಲಾಯಿಸಿರಬಹುದು. ತಿಳೀದೆ ಕೊಟ್ಟಿರಬಹುದು. ಸ್ವಲ್ಪ ನೋಡ್ಕೊಂಡು ಮಾಡು ವನಜಿ. ಜಾಸ್ತಿ ಶಿಕ್ಷೆ ಆಗದ ಹಾಗೆ."

"ಬೇಸಿಗೇಲಿ ನೀನು ಇಲ್ಲೇ ಇದ್ಯಾ?"

"ನಾನೆಲ್ಲಿಗೆ ಹೋಗ್ಲಿ? ಊರಿಗೆ ಹೋಗೋಕೆ ಜನ ಇಲ್ಲದ ಮಕ್ಕಳು ನಾಲ್ಕೈದು ಇರ್ತಾವಲ್ಲ, ಅವುಗಳ ಜೊತೆ ಇದ್ದೆ. ಆದ್ರೆ ಸ್ಟೋರ್ ರೂಮಿನ ಕಡೆ ತಲೆ ಹಾಕ್ಲಿಲ್ಲ."

ಗೋಡೆಯ ಮೇಲೆ ಮಾರ್ಗೀತಮ್ಮನ ಬೀಳ್ಕೊಡುಗೆಯ ದಿನ ತೆಗೆದ ಗುಂಪಿನ ಫೋಟೋ ಇತ್ತು. ಎಲ್ಲರೂ ಚಿತ್ರದ ಕೆಳಗೆ ನಿಂತಿದ್ದರು, ಮುಂದೆ ಎರಡು ಜಡೆಯ ವನಜಾಕ್ಷಿ. ಅವಳು ಕಾಫಿ ಕುಡಿದು, ಹೊರಡುವಾಗ ಆ ಫೋಟೋದ್ದೊಂದು ಫೋಟೋ ತನ್ನ ಫೋನಿನಲ್ಲಿ ತೆಗೆದುಕೊಂಡಳು. ಸಾಕ್ಷಿಗೆ ಅಂತಲ್ಲ. ಸುಮ್ಮನೆ, ಆಸೆಗೆ.

ನಕಲು ಬರೆದವನನ್ನು ಹುಡುಕುವುದು ಕಷ್ಟವಾಗಲಿಲ್ಲ.

"ಈ ನಾಕು ತಾಲ್ಲೂಕಲ್ಲಿ ಮನುಷ್ಯನ ಮುಖ ಬರೆದ್ರೆ ಮನುಷ್ಯನ ಮುಖದಂಗೆ ಕಾಣೋ ಹಂಗೆ ಬರೆಯೋನು ಒಬ್ನೇ ಮೇಡಂ," ಎಂದ ಚಿಕ್ಕನರಸಯ್ಯ. "ಕೊರಟಗೆರೆ ಅಂಜನ್ ಕುಮಾರ. ಬಾಕಿಯೋರು ಬರೆದ್ರೆ ಗಾಂಧೀಜಿಗೂ ಎಮ್ಮೆಲ್ಲೆಗೂ ವ್ಯತ್ಯಾಸ ಗೊತ್ತಾಗಲ್ಲ."

ಅಂಜನ್ ಕುಮಾರ್ ಕೊರಟಗೆರೆ ಬಸ್ ಸ್ಟ್ಯಾಂಡಿನ ಹಿಂದೆ ಕೋಳಿ ಅಂಗಡಿಯ ಬೋರ್ಡಿಗೆ ಹುಂಜ ಬರೆಯುತ್ತಿದ್ದ. ಜೀಪು ನೋಡಿ ಬ್ರಶ್ಶು ಕೆಳಗಿಟ್ಟ.

"ನೀನೇ ಬರೆದದ್ದಾ?"

"ನಾನೇ ಮೇಡಂ. ಸುಳ್ಳು ಯಾಕೆ ಹೇಳ್ಲಿ? ಆರ್ಡರ್ ಬಂತು, ಬರೆದುಕೊಟ್ಟೆ. ಕದ್ದಿಲ್ಲ."

"ಆರ್ಡರ್ ಯಾರದ್ದು?"

"ಗೊತ್ತಿಲ್ಲ. ಫೋನಲ್ಲಿ ಗಂಡಸಿನ ದನಿ. ಬೆಂಗಳೂರಲ್ಲಿ ರೆಸಾರ್ಟಿಗೆ ಬೇಕು, ಅರ್ಜೆಂಟು ಅಂದ. ಚಿತ್ರದ ಫೋಟೋ ಕಳಿಸ್ದ. ಆದ ಮೇಲೆ ಒಬ್ಬ ಡ್ರೈವರ್ ಬಂದು ಒಯ್ದ. ಈಗ ಆ ನಂಬರ್ ಸ್ವಿಚ್ ಆಫು."

"ಫೋಟೋದಲ್ಲಿ ಎಲ್ಲಾ ಕಾಣ್ತಿತ್ತಾ?"

"ಎಲ್ಲಿ ಕಾಣ್ತದೆ! ಗಾಜಿನ ಮೇಲೆ ಕಿಟಕಿ ಬೆಳಕು ಹೊಡೆದು ನಡುಮಧ್ಯ ಬರೀ ಬೆಳ್ಳಗಿತ್ತು. ಹೆಂಗಸಿನ ಕೈ ಇರೋ ಜಾಗ ಪೂರ್ತಿ ಮಾಯ."

ವನಜಾಕ್ಷಿ ಹತ್ತಿರ ಬಂದಳು. "ಮತ್ತೆ ಕೈ ಹೆಂಗೆ ಬರೆದೆ?"

"ಇನ್ನೊಂದು ಫೋಟೋ ತೆಗೆದು ಕಳಿಸಿ ಅಂದೆ. ಆಗಲ್ಲ, ಅಸಲಿ ಆಗಲೇ ದೂರ ಹೋಗಿಬಿಟ್ಟಿದೆ ಅಂದ. ಆಮೇಲೆ ಬೇರೆ ಫೋಟೋ ಬಂತು. ಬರೀ ಎರಡು ಕೈ. ಯಾರೋ ಹೆಂಗಸು, ಯಾವುದೋ ಮಗು ತಲೇಲಿ ಹೇನು ನೋಡ್ತಿರೋದು. 'ಇಂಗೇ ಇರ್ತದೆ, ಇದನ್ನ ನೋಡ್ಕೊಂಡು ಬರಿ' ಅಂದ. ಕೈ ಕೂತಿರೋ ರೀತಿ ಇದ್ದದ್ದು ಇದ್ದ ಹಾಗೇ ಬರೆದೆ. ಬಣ್ಣ ಮಾತ್ರ ಬಿಳೀದು ಮಾಡ್ದೆ."

"ಆ ಫೋಟೋ ಕೊಡು."

"ಹಳೇ ಫೋನು ಮೇಡಂ. ಬಣ್ಣದ ಡಬ್ಬಕ್ಕೆ ಬಿದ್ದು ಸತ್ತೋಯ್ತು."

"ಹೆಂಗಸಿನ ಮುಖ? ಸೀರೆ? ಬಳೆ?"

"ಏನೂ ಇರ್ಲಿಲ್ಲ. ಮೊಣಕೈವರೆಗೂ ಇರ್ಲಿಲ್ಲ." ಅಂಜನ್ ಕುಮಾರ್ ತಲೆ ಕೆರೆದುಕೊಂಡ. "ಹಾಂ — ಮಗು ಅಂಗಿ ಮೇಲೆ ಬ್ಯಾಡ್ಜಿತ್ತು. ಮಧುಗಿರಿ ಹಾಸ್ಟೆಲಿನ ಹೆಸರು. ಬೋರ್ಡು ಬರೆಯೋನು ನಾನು, ಅಕ್ಷರ ಕಂಡ್ರೆ ಓದದೆ ಬಿಡಾಕಾಗಲ್ಲ."

ಜೀಪು ಮಧುಗಿರಿ ಕಡೆ ತಿರುಗಿತು. ಚಿಕ್ಕನರಸಯ್ಯ ನಿಟ್ಟುಸಿರು ಬಿಟ್ಟ.

"ಮುಗೀತು ಬುಡಿ ಮೇಡಂ. ಫೋಟೋ ತೆಗೆದದ್ದು ಹಾಸ್ಟೆಲಿನೊಳಗೇ. ಬೇಸಿಗೇಲಿ ಅಲ್ಲಿದ್ದ ಹೆಂಗಸರು ಇಬ್ರೇ. ವಾರ್ಡನ್ ಮೇಡಂ ಓದಿದೋರು, ಅವರು ಯಾಕೆ ಇಂಥಾದ್ದಕ್ಕೆ ಕೈ ಹಾಕ್ತಾರೆ? ಬೀಗದ ಕೈ ರಂಗಕ್ಕಂದು. ಹೇನು ನೋಡೋದೂ ರಂಗಕ್ಕನೇ. ಆ ಬೆಂಗಳೂರಿನೋನು ಮುದುಕಿ ಕೈಯ ಫೋಟೋ ಹೊಡ್ಕೊಂಡು ಹೋಗವ್ನೆ."

ವನಜಾಕ್ಷಿ ರಸ್ತೆಯ ಕಡೆ ಮುಖ ತಿರುಗಿಸಿದಳು. ತಾನೇ ಹೋಗಿ ರಂಗಕ್ಕನನ್ನು ಜೀಪಿಗೆ ಹತ್ತಿಸಬೇಕು. ಆ ಮುದುಕಿ ಜೀಪಿನಲ್ಲೂ ಊಟದ ಮಾತೇ ಕೇಳುತ್ತಾಳೆ.

ಠಾಣೆಯಲ್ಲಿ ನಕಲು ಚಿತ್ರವನ್ನು ಅವಳ ಕೋಣೆಯ ಬೀರುವಿಗೆ ಒರಗಿಸಿ ಇಟ್ಟಿದ್ದರು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ವನಜಾಕ್ಷಿ ಊಟದ ಡಬ್ಬಿ ತೆಗೆಯದೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಳು. ಬೆಕ್ಕು ನೋಡಿದಳು. ತಾಮ್ರದ ಪಾತ್ರೆ ನೋಡಿದಳು. ಕೈಗಳನ್ನು ನೋಡಿದಳು. ಒಂದು ಕೈ ಕೂದಲನ್ನು ಬಗೆದು ಹಿಡಿದಿದೆ. ಇನ್ನೊಂದು ಕೈಯ ಹೆಬ್ಬೆರಳೂ ತೋರುಬೆರಳೂ ಸೀರು ಕೀಳುತ್ತಿವೆ. 

ನೋಡುತ್ತ ನೋಡುತ್ತ ಅವಳ ಕತ್ತು ತನ್ನಷ್ಟಕ್ಕೆ ತಾನೇ ಬಲಕ್ಕೆ ವಾಲಿತು.

ಯಾಕೆ ವಾಲಿತು? ಅವಳಿಗೇ ಅಚ್ಚರಿಯಾಯಿತು. ನೆಟ್ಟಗೆ ಕುಳಿತಳು. ಮತ್ತೆ ಕೈ ನೋಡಿದಳು. ಕತ್ತು ಮತ್ತೆ ಬಲಕ್ಕೇ ಹೋಯಿತು, ಯಾರೋ ತಲೆಯನ್ನು ಮೆಲ್ಲಗೆ ಒತ್ತಿ ಹಿಡಿದ ಹಾಗೆ.

ಅವಳು ಫೋನು ತೆಗೆದು ಗುಂಪಿನ ಫೋಟೋವನ್ನು ಗಗನಾಗೆ ಕಳಿಸಿದಳು. "ಹಿಂದಿನ ಗೋಡೆಯ ಮೇಲಿನ ಚಿತ್ರವನ್ನು ಎಷ್ಟಾಗುತ್ತೋ ಅಷ್ಟು ದೊಡ್ಡದು ಮಾಡಿ ಕಳಿಸಿ. ಕೈಗಳು ಕಾಣಬೇಕು."

ಬಂದ ಫೋಟೋವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡಳು. ಬಾಗಿಲಿಗೆ ಬಂದ ಚಿಕ್ಕನರಸಯ್ಯ ಏನೂ ಕೇಳದೆ ವಾಪಸ್ಸು ಹೋದ.

ಸೋಮವಾರ ಹುಡುಗಿಯರೆಲ್ಲ ಶಾಲೆಗೆ ಹೋದ ಮೇಲೆ ಹಾಸ್ಟೆಲಿನ ಹಾಲಿನಲ್ಲಿ ಎಲ್ಲರೂ ಸೇರಿದರು. ಮಹಾಲಿಂಗಯ್ಯ ಕುರ್ಚಿಯಲ್ಲಿ. ಅಂಜನ್ ಕುಮಾರ್ ಗೋಡೆಗೆ ಅಂಟಿಕೊಂಡು. ಲಾವಣ್ಯ ಕಿಟಕಿಯ ಹತ್ತಿರ. ರಂಗಕ್ಕ ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೆ. ಮೇಜಿನ ಮೇಲೆ ನಕಲು ಚಿತ್ರ.

"ಇದಕ್ಕೆಲ್ಲ ಸಭೆ ಯಾಕಮ್ಮ?" ಎಂದರು ಮಹಾಲಿಂಗಯ್ಯ. "ಅವಳನ್ನು ಕರ್ಕೊಂಡು ಹೋಗಿ, ಮುಗೀತು."

"ಒಂದು ಪ್ರಶ್ನೆ ಸಾರ್. ಈ ಚಿತ್ರದಲ್ಲಿ ಹೇನು ತೆಗೀತಿರೋ ಕೈ ಯಾವುದು?"

ಮಹಾಲಿಂಗಯ್ಯ ಕನ್ನಡಕ ಏರಿಸಿದರು. "ಎಡಗೈ."

ವನಜಾಕ್ಷಿ ಫೋನು ಚಾಚಿದಳು. "ಇದು ಅಸಲಿ. ಮಾರ್ಗೀತಮ್ಮನ ಬೀಳ್ಕೊಡುಗೆ ಫೋಟೋದಿಂದ ತೆಗೆದದ್ದು. ಇಲ್ಲಿ?"

"ಬಲಗೈ! ಅರೆ — ಇಷ್ಟು ವರ್ಷ ನೋಡಿದ್ದೀವಿ, ಗೊತ್ತೇ ಆಗ್ಲಿಲ್ಲವಲ್ಲ!"

"ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ದಿನಾ ನೋಡೋದನ್ನ ಯಾರು ನೋಡ್ತಾರೆ? ಅಂಜನ್ ಕುಮಾರ್‌ಗೆ ಅಸಲಿಯ ಕೈ ಕಾಣ್ಲಿಲ್ಲ. ಯಾರೋ ತಮ್ಮ ಕೈಯನ್ನೇ ಫೋಟೋ ತೆಗೆಸಿ ಕಳಿಸಿದ್ರು. ಕಳಿಸಿದವರು ಎಡಚರು."

"ಫೋಟೋ ತಿರುವುಮುರುವು ಆಗಿರಬಹುದಲ್ಲ? ಫೋನಿನಲ್ಲಿ ಹಾಗಾಗ್ತದೆ."

"ಆಗಿದ್ರೆ ಬ್ಯಾಡ್ಜು ಓದೋಕೆ ಬರ್ತಿರ್ಲಿಲ್ಲ ಸಾರ್," ಎಂದ ಅಂಜನ್ ಕುಮಾರ್. "ಅಕ್ಷರ ನೆಟ್ಟಗಿದ್ವು."

"ರಂಗಕ್ಕ ಹೇನು ನೋಡೋದು ಬಲಗೈಯಲ್ಲಿ," ಎಂದಳು ವನಜಾಕ್ಷಿ. "ಎಡಗೈಯಲ್ಲಿ ತಲೆ ಹಿಡಿದು, ಎಡಕ್ಕೆ ಒತ್ತಿ, ಬಲಗೈಯಲ್ಲಿ ತೆಗೀತಾಳೆ. ಹಾಸ್ಟೆಲಿನ ಯಾವ ಹುಡುಗೀನ ಬೇಕಾದ್ರೂ ಕೇಳಿ."

"ಮತ್ತೆ ಯಾರು? ಇಲ್ಲಿ ಎಡಚರು ಯಾರಿದ್ದಾರೆ? ಲಾವಣ್ಯ ಮೇಡಂ ಬರೆಯೋದೂ ಬಲಗೈಯಲ್ಲಿ, ಉಣ್ಣೋದೂ ಬಲಗೈಯಲ್ಲಿ. ನಾನೇ ಕಣ್ಣಾರೆ —"

"ಹೌದು ಸಾರ್." ವನಜಾಕ್ಷಿಯ ದನಿ ಒಣಗಿತ್ತು. "ಬಲಸಮುದ್ರದಲ್ಲಿ ಒಂದು ಎಡಚಿ ಮಗು ಇತ್ತು. ಉಣ್ಣೋಕೆ ಕೂತ್ರೆ ಅವರಪ್ಪ ಎಡಗೈನ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ತಿದ್ದ. ಬರೆಯೋಕೆ ಕೂತ್ರೆ ಮೇಷ್ಟ್ರು ಗೆಣ್ಣಿನ ಮೇಲೆ ಹೊಡೀತಿದ್ರು. ಊಟಕ್ಕೂ ಅಕ್ಷರಕ್ಕೂ ಎಡಗೈ ಬೇಡ ಅಂತ ಎಲ್ಲರೂ ತಿದ್ದಿದ್ರು. ಕಸ ಬಳಿಯೋಕೆ, ಹೇನು ತೆಗೆಯೋಕೆ ಬೇಡ ಅಂತ ಯಾರೂ ತಿದ್ದಲಿಲ್ಲ. ಹೊಲಸು ಕೆಲಸಕ್ಕೆ ನಮ್ಮಲ್ಲಿ ಎಡಗೈ ಆಗ್ತದೆ. ಅದೊಂದು ಕೆಲಸದಲ್ಲಿ ಆ ಮಗುವಿನ ಕೈ ಅದರದ್ದೇ ಆಗಿ ಉಳೀತು."

ವನಜಾಕ್ಷಿ ಕಿಟಕಿಯ ಕಡೆ ತಿರುಗಿದಳು.

"ಆ ಕೈ ನನ್ನ ತಲೆಗೆ ಗೊತ್ತು ಸಾರ್. ಏಳನೇ ವಯಸ್ಸಿನಿಂದ ಹತ್ತನೇ ಕ್ಲಾಸಿನ ತನಕ. ಅದು ಹೇನು ನೋಡುವಾಗ ನನ್ನ ಕತ್ತು ಬಲಕ್ಕೆ ವಾಲ್ತಿತ್ತು. ಕದ್ದವಳು ಲಾವಣ್ಯಕ್ಕ."

ಲಾವಣ್ಯ ಕದಲಲಿಲ್ಲ. "ಸೊಂಟಕ್ಕೆ ಕಟ್ತಿದ್ದ ಕಥೆ ನಿನಗೆ ಹೇಳಿದ್ದು ನಾನೇ," ಎಂದಳು. "ನೀನು ಅಮ್ಮ ಬೇಕು ಅಂತ ಅಳ್ತಿದ್ದೆ. ಸಮಾಧಾನ ಮಾಡೋಕೆ ಹೇಳ್ದೆ. ಅದನ್ನ ಹಿಂಗೆ ಉಪಯೋಗಿಸ್ಕೊಂಡ್ಯಲ್ಲೇ."

"ಹೂಂ. ಉಪಯೋಗಿಸ್ಕೊಂಡೆ."

"ಬರೀ ಇಷ್ಟೇನಾ ಸಾಕ್ಷಿ? ನಿನ್ನ ಕತ್ತು?" ಲಾವಣ್ಯ ನಕ್ಕಳು, ಕೆಟ್ಟದಾಗಿ. "ಯಾವ ಕೋರ್ಟು ನಂಬ್ತದೆ?"

"ಇನ್ನೊಂದಿದೆ. ಆ ಫೋಟೋದಲ್ಲಿ ನಿನಗೆ ತಲೆ ಕೊಟ್ಟು ಕೂತ ಮಗು. ರಜದಲ್ಲಿ ಇಲ್ಲಿ ಉಳಿದವು ನಾಲ್ಕೈದೇ. ನಾನಿನ್ನೂ ಯಾರನ್ನೂ ಕೇಳಿಲ್ಲ. ಶಾಲೆ ಬಿಟ್ಟು ಬಂದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು — ನಿನ್ನ ತಲೆ ನೋಡೋ ಅಕ್ಕನ್ನ ಜೈಲಿಗೆ ಕಳಿಸ್ಬೇಕು, ಸಾಕ್ಷಿ ಹೇಳು ಮಗಾ ಅಂತ. ಕೇಳ್ಲಾ?"

ಲಾವಣ್ಯಳ ನಗು ಅಲ್ಲಿಗೆ ನಿಂತಿತು. ಕುರ್ಚಿಯ ಮೇಲೆ ಕುಳಿತಳು.

"ಬೇಡ. ಮಕ್ಕಳನ್ನ ಎಳೀಬೇಡ. ನಾನೇ ಮಾಡಿದ್ದು."

"ಮಾರಿದ್ದು ಯಾರಿಗೆ?"

"ಬೆಂಗಳೂರಿನ ಒಬ್ಬ ವ್ಯಾಪಾರಿ. ಅವನ ಹೆಸರು, ವಿಳಾಸ ಎಲ್ಲಾ ಕೊಡ್ತೀನಿ. ಅಸಲಿಯನ್ನ ಮೊದಲೇ ಒಯ್ದುಬಿಟ್ಟ. ನಕಲಿನ ಏರ್ಪಾಡೂ ಅವನದ್ದೇ. ಕೈ ಕಾಣಲ್ಲ ಅಂದಾಗ ಒಂದು ಮಗು ತಲೆ ಮುಂದಿಟ್ಕೊಂಡೆ, ಇನ್ನೊಂದು ಮಗು ಕೈಗೆ ನನ್ನ ಫೋನು ಕೊಟ್ಟೆ. ಇಷ್ಟು ವರ್ಷ ನೋಡಿದ ಚಿತ್ರ, ಇದ್ದ ಹಾಗೇ ಕೈ ಇಟ್ಟೆ ಅಂದ್ಕೊಂಡಿದ್ದೆ."

"ಯಾಕೆ ಲಾವಣ್ಯಕ್ಕ?"

"ಯಾಕೆ!" ಲಾವಣ್ಯ ಮಹಾಲಿಂಗಯ್ಯನವರ ಕಡೆ ಬೆರಳು ಮಾಡಿದಳು. "ಇವರನ್ನ ಕೇಳು. ಬರೋ ವರ್ಷದಿಂದ ಹೆಚ್ಚು ಓದಿದ ವಾರ್ಡನ್ ಬೇಕಂತೆ. ನನಗೆ ಒಂದು ಶಾಲು, ಒಂದು ಹಾರ, ಒಂದು ಭಾಷಣ. ಹೋಗಿ ಬಾರಮ್ಮ ಅಂತ. ಎಲ್ಲಿಗೆ ಹೋಗ್ಲಿ? ಊರಲ್ಲಿದ್ದ ನಮ್ಮ ಹೊಲದಲ್ಲೆಲ್ಲ ಈಗ ಸೋಲಾರ್ ಗಾಜು. ಬಾ ಅನ್ನೋರಿಲ್ಲ. ಬುದ್ಧಿ ಬಂದಾಗಿಂದ ಊರವರ ಮಕ್ಕಳ ತಲೆ ನೋಡಿದೆ, ಮೂಗು ಒರೆಸಿದೆ, ಮೊದಲ ಸಲ ಮುಟ್ಟಾದಾಗ ಬಟ್ಟೆ ಹರಿದುಕೊಟ್ಟೆ. ಎಲ್ಲರೂ ದೊಡ್ಡೋರಾದ್ರು, ಹೋದ್ರು. ನನಗೂ ಒಂದು ಮನೆ ಬೇಕಿತ್ತು ಕಣೆ. ಶಿರಾದಲ್ಲಿ ಒಂದು ಸಣ್ಣ ಮನೆ. ಒಳಗಿಂದ ನಾನೇ ಚಿಲಕ ಹಾಕ್ಕೊಳೋ ಅಂಥ ಬಾಗಿಲು. ಅಷ್ಟೇ."

ಮಹಾಲಿಂಗಯ್ಯ ನೆಲ ನೋಡಿದರು. ನಾಚಿಕೆಗಲ್ಲ, ಚಪ್ಪಲಿ ಹುಡುಕುತ್ತಿದ್ದರು.

ಕದ್ದಿದ್ದಕ್ಕೆ ವನಜಾಕ್ಷಿಗೆ ಸಿಟ್ಟು ಬರಲೇ ಇಲ್ಲ. ಸಿಟ್ಟು ಬಂದದ್ದು ಬೇರೆ ಮಾತಿಗೆ.

"ಕದ್ದದ್ದು ಆಯ್ತು. ರಂಗಕ್ಕನ ಮೇಲೆ ಯಾಕೆ ಹೊರಿಸಿದೆ?"

"ನಾನು ಹೊರಿಸ್ಲಿಲ್ಲ. ಇವರು ಹೊರಿಸಿದ್ರು. ನಾನು ಸುಮ್ನಿದ್ದೆ."

"ಸುಮ್ನಿದ್ಯಾ? 'ಅವಳಿಗೂ ವಯಸ್ಸಾಯ್ತು, ತಿಳೀದೆ ಕೊಟ್ಟಿರಬಹುದು' ಅಂದೋಳು ಯಾರು? ನನ್ನ ಕೈಗೆ ಕಾಫಿ ಕೊಟ್ಟು, ಅವಳನ್ನ ಜೈಲಿಗೆ ಕೊಟ್ಟೋಳು ಯಾರು?"

ಲಾವಣ್ಯ ಎದ್ದು ನಿಂತಳು. ರಂಗಕ್ಕನ ಕಡೆ ಮಾತ್ರ ನೋಡಲಿಲ್ಲ, ಒಂದು ಸಲವೂ ನೋಡಲಿಲ್ಲ. ಚಿಕ್ಕನರಸಯ್ಯನ ಜೊತೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಅವಳ ತೋಳು ಹಿಡಿದು ಜೀಪಿನ ಕಡೆ ಕರೆದುಕೊಂಡು ಹೋದಳು. ಅಂಜನ್ ಕುಮಾರ್ ಹೇಳಿಕೆ ಕೊಡಲು ಹಿಂದೆಯೇ ಹೊರಟ.

ಮಹಾಲಿಂಗಯ್ಯ ಚಪ್ಪಲಿ ಮೆಟ್ಟಿಕೊಂಡು, ದೊಡ್ಡ ಮನಸ್ಸು ಮಾಡಿದವರ ಹಾಗೆ ಹೇಳಿದರು — "ಆಯ್ತಮ್ಮ ರಂಗಕ್ಕ, ನಾಳೆಯಿಂದ ಎಂದಿನ ಹಾಗೆ ಕೆಲಸ ನೋಡ್ಕೊ." ರಂಗಕ್ಕ ಅವರ ಮುಖ ಕೂಡ ನೋಡಲಿಲ್ಲ.

ವನಜಾಕ್ಷಿ ಅವಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು. "ರಂಗಕ್ಕ, ಇನ್ನು ನಿನ್ನ ಮೇಲೆ ಯಾವ ಮಾತೂ ಇಲ್ಲ. ಏಳು."

"ನಂಗೆ ಗೊತ್ತಿತ್ತು ಕಣವ್ವ."

"ಏನು ಗೊತ್ತಿತ್ತು?"

"ಬೀಗ ತೆಗ್ದು ಕೊಟ್ಟೋಳೇ ನಾನು. ಚಿತ್ರಕ್ಕೆ ಗೆದ್ಲು ಹಿಡ್ದದೆ, ರಿಪೇರಿಗೆ ಕಳಿಸ್ತೀನಿ ಅಂದ್ಲು. ವಾಪಸ್ ಬಂದಾಗ ಒರೆಸ್ತಾ ನೋಡ್ದೆ. ಆ ಕೈಯ ನಾ ಕಾಣೆನಾ? ಆರು ವರ್ಸದ ಕೂಸಿನಿಂದ ಸಾಕಿದ ಕೈ ಅದು."

ವನಜಾಕ್ಷಿ ದಂಗಾದಳು. "ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ನಾನು ಅಷ್ಟು ಕೇಳ್ದೆ, ಅಷ್ಟು ಬೈದೆ! ಜೈಲಿಗೆ ಹೋಗ್ತಿದ್ಯಲ್ಲ!"

"ಕಾಯ್ತಿದ್ದೆ."

"ಏನು ಕಾಯ್ತಿದ್ದೆ?"

ರಂಗಕ್ಕನ ಕಣ್ಣಿನಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಅವ್ಳೇ ಬಂದು ಹೇಳ್ತಾಳೆ ಅಂತ. ರಂಗಕ್ಕ ಅಲ್ಲ, ನಾನು ಅಂತ. ನನ್ನ ಜೀಪು ಹತ್ತಿಸೋ ಹೊತ್ಗಾದ್ರೂ ಓಡ್ಬಂದು ಅಡ್ಡ ನಿಲ್ತಾಳೆ ಅಂತ. ಇವತ್ತು ಸೋಮಾರ, ಇವತ್ತು ಹೇಳೇ ಹೇಳ್ತಾಳೆ ಅಂತ ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೆ. ನೀನು ಮೊದ್ಲೇ ಹಿಡ್ದುಬುಟ್ಟೆ." ಅವಳು ವನಜಾಕ್ಷಿಯ ಮುಖವನ್ನೇ ನೋಡಿದಳು. "ಅವ್ಳು ಹೇಳ್ತಿದ್ಲೋ ಇಲ್ವೋ, ಇನ್ನು ನಂಗೆ ಹೆಂಗೆ ಗೊತ್ತಾಗ್ಬೇಕು ವನಜಿ?"